ಉಳಿದುಹೋದ ಐದನೇ ಏಟು

ನಮ್ಮ ಶುಕ್ರವಾರದ ಭಜನೆಗೆ ಬರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಡೊಂಬಿವಲಿ ಪೂರ್ವದ ಸುಮತಿಯ ನಮಸ್ಕಾರ. ಅಮ್ಮನವರ ಕೃಪೆಯ ಬಗ್ಗೆ ಒಬ್ಬೊಬ್ಬರೇ ಎದ್ದು ನಿಂತು ಹೇಳುವಾಗ ನಾನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ತೂಕಡಿಸುತ್ತಿರುತ್ತೇನೆ ಎಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ. ನನ್ನ ಭಕ್ತಿಗೆ ಕೊರತೆಯಿಲ್ಲ, ಕೊರತೆ ಇರುವುದು ನಿದ್ದೆಗೆ. ನಮ್ಮ ಭಜನಾ ಮಂಡಳಿಯ ಈ ಸಲದ ಸಂಚಿಕೆಗೆ ನೀನೂ ಬರೆಯಲೇಬೇಕು ಎಂದು ನೀವು ಪಟ್ಟು ಹಿಡಿದದ್ದರಿಂದ, ಎರಡು ವರ್ಷದಿಂದ ಯಜಮಾನರ ಹೊರತು ಯಾರ ಮುಂದೆಯೂ ಬಾಯಿಬಿಡದೆ ಇಟ್ಟುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಓದಿದ ಮೇಲೆ ನೀವೇ ಒಪ್ಪುತ್ತೀರಿ.

ತೊಂಬತ್ತಾರನೇ ಇಸವಿಯ ಶ್ರಾವಣದ ಮಾತು. ಆಗ ನನ್ನ ಮಗಳು ಸ್ವಾತಿಗೆ ಐದು ವರ್ಷ, ಮಗ ಚೇತುವಿಗೆ ಹನ್ನೊಂದು ತಿಂಗಳು. ಯಜಮಾನರು ಕಳಂಬೋಲಿಯಲ್ಲಿ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ ನಮ್ಮೂರಿನವರೇ ಒಬ್ಬರ ಹೋಟೆಲಿನಲ್ಲಿ ಮ್ಯಾನೇಜರ್. ಲಾರಿಯವರಿಗೆ ಹೊತ್ತುಗೊತ್ತಿಲ್ಲ, ಹಾಗಾಗಿ ಆ ಹೋಟೆಲಿಗೂ ಇಲ್ಲ. ವಾರಕ್ಕೆ ಆರು ದಿನ ಅಲ್ಲೇ ಮಲಗಿ ಸೋಮವಾರ ಒಂದು ದಿನ ಮನೆಗೆ ಬರುತ್ತಿದ್ದರು. ಬಂದವರು ಮಕ್ಕಳನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು ನಿದ್ದೆ ಮಾಡುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರೂ ನನ್ನ ಹಾಗೆಯೇ ದಣಿದ ಮನುಷ್ಯ.

ನಾನು ಠಾಣೆಯ ವಾಗಳೆ ಎಸ್ಟೇಟಿನಲ್ಲಿ ಮಾತ್ರೆ ತಯಾರಿಸುವ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಖಾಯಂ ಆಗಿರಲಿಲ್ಲ. ನಸುಕಿನಲ್ಲಿ ನಾಲ್ಕೂವರೆಗೆ ಎದ್ದರೆ ಐದಕ್ಕೆ ನಲ್ಲಿಯಲ್ಲಿ ನೀರು, ಆರರೊಳಗೆ ಅಡುಗೆ, ಏಳಕ್ಕೆ ಸ್ವಾತಿಯ ಜಡೆ, ಏಳೂವರೆಗೆ ಚೇತುವನ್ನು ಸೊಂಟಕ್ಕೇರಿಸಿಕೊಂಡು ಶಾಂತವ್ವನ ಖೋಲಿಗೆ ಬಿಟ್ಟು, ಅಲ್ಲಿಂದ ಸ್ಟೇಷನ್ನಿಗೆ ಓಟ. ಸ್ವಾತಿ ಮಧ್ಯಾಹ್ನ ಶಾಲೆಯಿಂದ ನೇರ ಶಾಂತವ್ವನಲ್ಲಿಗೇ ಬರುತ್ತಿದ್ದಳು. ಸಂಜೆ ಐದೂವರೆಗೆ ನಾನು ಹೋಗಿ ಇಬ್ಬರನ್ನೂ ಕರೆದುಕೊಂಡು ಬರುತ್ತಿದ್ದೆ.

ಶಾಂತವ್ವ ಯಾರೆಂದು ಹೇಳಬೇಕು. ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ಒಂದೇ ಖೋಲಿಯ ಸಂಸಾರ. ಬಿಜಾಪುರದ ಕಡೆಯವಳು. ಗಂಡ ಘೋಡಬಂದರ್ ರಸ್ತೆಯಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳಲ್ಲಿ ಕಾಂಕ್ರೀಟಿನ ಕೆಲಸ ಮಾಡಿಕೊಂಡು ಅಲ್ಲೇ ಷೆಡ್ಡಿನಲ್ಲಿರುತ್ತಿದ್ದ. ಇವಳು ಹಗಲು ಐದಾರು ಮಕ್ಕಳನ್ನು ನೋಡಿಕೊಳ್ಳುವಳು, ಸಂಜೆ ಜೋಳದ ರೊಟ್ಟಿ ಬಡಿದು ಅವಳ ಊರ ಕಡೆಯ ಗಂಡಸರಿಗೆ ಡಬ್ಬಾ ಕಳಿಸುವಳು. ಅವಳದ್ದು ಒಂದೇ ನಿಯಮ: ಆರು ಗಂಟೆಗೆ ಸ್ಟೋವ್ ಹೊತ್ತಿಸುವ ಮೊದಲು ಮಕ್ಕಳೆಲ್ಲ ಮನೆ ಸೇರಬೇಕು. ಅವಳ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಕನ್ನಡ ಕೇಳಿ ಅವಳಿಗೆ ನಗು ಬರುತ್ತಿತ್ತು. ಸ್ವಾತಿ ಇಬ್ಬರಿಗೂ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

ಈ ಗಾಡಿ ಹೇಗೋ ಕುಂಟುತ್ತಾ ನಡೆಯುತ್ತಿದ್ದಾಗ ನನ್ನ ತಲೆಗೆ ಪ್ರಥಮ ಚಿಕಿತ್ಸೆಯ ಕೋರ್ಸ್ ಬಂದು ಬಿತ್ತು. ಪ್ರತಿ ವಿಭಾಗದಲ್ಲೂ ಒಬ್ಬರಾದರೂ ಅದನ್ನು ಕಲಿತಿರಬೇಕೆಂದು ನಮ್ಮ ಕಾರ್ಖಾನೆಯವರು ತೀರ್ಮಾನಿಸಿದ ದಿನ ನಾನು ಚೇತುವಿಗೆ ಜ್ವರವೆಂದು ರಜೆ ಹಾಕಿದ್ದೆ. ಇಲ್ಲದವಳ ಹೆಸರು ಬರೆಯುವುದು ಸುಲಭ, ಬರೆದರು. ಎರಡು ವಾರ, ದಿನಾ ಕೆಲಸ ಮುಗಿದ ಮೇಲೆ ಸಂಜೆ ನಾಲ್ಕರಿಂದ ಆರು, ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಹಾಲಿನಲ್ಲಿ. ಕೊನೆಯ ಶುಕ್ರವಾರ ಪರೀಕ್ಷೆ. ಪಾಸಾದರೆ ಖಾಯಂ ಮಾಡುವಾಗ ನಿನ್ನ ಹೆಸರು ಮೊದಲು ನೋಡುತ್ತೇವೆ ಎಂದು ಆಫೀಸಿನವರು ಹೇಳಿದರು. ಒಲ್ಲೆ ಎಂದರೆ ಏನಾಗುತ್ತದೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆರಕ್ಕೆ ಠಾಣೆಯಲ್ಲಿ ಬಿಟ್ಟರೆ, ಆ ಹೊತ್ತಿನ ಲೋಕಲ್‌ನಲ್ಲಿ ಕಾಲಿಡಲು ಜಾಗ ಸಿಕ್ಕಿ ಡೊಂಬಿವಲಿ ಸೇರುವಾಗ ಏಳು ದಾಟುತ್ತಿತ್ತು. ಶಾಂತವ್ವನ ಖೋಲಿಯಲ್ಲಿ ಸ್ಟೋವ್ ಉರಿಯುತ್ತಿರುತ್ತಿತ್ತು, ಹಂಚು ಕಾದಿರುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಚೇತುವಿನ ಕಾಲಿಗೆ ಒಂದು ಹಳೆ ಸೀರೆಯ ತುದಿ ಕಟ್ಟಿ, ಇನ್ನೊಂದು ತುದಿಯನ್ನು ಸ್ವಾತಿಯ ಕೈಗೆ ಕೊಟ್ಟಿರುತ್ತಿದ್ದಳು. ಮೂರು ದಿನ ಅವಳು ಏನೂ ಹೇಳಲಿಲ್ಲ. ನಾಲ್ಕನೆಯ ದಿನ ರೊಟ್ಟಿಯಿಂದ ಕಣ್ಣೆತ್ತದೆ ಹೇಳಿದಳು.

“ಅಕ್ಕಾರ, ಅಂಬೆಗಾಲ ಕೂಸಿನ್ನ ಒಲಿ ಮುಂದ ಇಟಗೊಂಡು ನಾ ಹ್ಯಾಂಗ ರೊಟ್ಟಿ ಬಡೀಲ್ರಿ? ನಿಮ್ಮ ಪರೀಕ್ಷಾ ಮುಗಿಯೂತನಕ ತಡಕೋತೀನಿ. ಆಮ್ಯಾಲೂ ಹಿಂಗ ಆತಂದ್ರ ನೀವು ಬ್ಯಾರೆ ಕಡೆ ನೋಡಕೋರಿ.”

ಬೇರೆ ಕಡೆ ಎಂಬುದು ಇರಲಿಲ್ಲ. ಅಷ್ಟು ಚಿಕ್ಕ ಮಗುವನ್ನು ಇಟ್ಟುಕೊಳ್ಳುವವರು ಆಗ ನಮ್ಮ ಕಡೆ ಯಾರೂ ಇರಲಿಲ್ಲ. ಶಾಂತವ್ವ ಕೈಬಿಟ್ಟರೆ ನನ್ನ ಕೆಲಸ ಹೋಯಿತು ಎಂದೇ ಲೆಕ್ಕ. ನಾನು ಅವಳ ಹೊಸ್ತಿಲಲ್ಲಿ ಕುಸಿದು ಕೂತು, “ಸ್ವಲ್ಪ ಸುಧಾರ್ಸಿಕೋ ಮಾರಾಯ್ತಿ, ನನಗಾದರೂ ಇದು ಖುಷಿಯಾ?” ಎಂದೆ.

ಆ ವಾರ ನಾನು ಅಮ್ಮನವರ ಮುಂದೆ ಕೇಳಿಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕೋರ್ಸ್ ನಿಂತುಹೋಗಲಿ ಎಂದು ಕೇಳಿಕೊಂಡೆ. ಹಾಲಿನ ಫ್ಯೂಸ್ ಹಾರಲಿ ಎಂದು ಕೇಳಿಕೊಂಡೆ. ಕಲಿಸುವ ಸರ್ ಮಿಲಿಟರಿಯಿಂದ ನಿವೃತ್ತರಾದ ಮರಾಠಿ ಮನುಷ್ಯ, ಪಾಪ, ಅವರಿಗೆ ಒಂದು ವಾರದ ಮಟ್ಟಿಗೆ ನೆಗಡಿಯಾದರೂ ಬರಲಿ ಎಂದು ದೀಪ ಹಚ್ಚುವಾಗ ಬೇಡಿಕೊಂಡೆ. ಅಮ್ಮನವರು ಒಂದನ್ನೂ ನಡೆಸಿಕೊಡಲಿಲ್ಲ. ಸರ್ ದಿನಾ ಹತ್ತು ನಿಮಿಷ ಮೊದಲೇ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ನಿಂತಿರುತ್ತಿದ್ದರು.

ಒಳ್ಳೆಯ ಮೇಷ್ಟ್ರು ಎಂದು ಈಗ ಹೇಳಬಲ್ಲೆ. ಆಗ ಅವರ ಮಾತೆಲ್ಲ ನಿದ್ದೆಗಣ್ಣಿನಲ್ಲೇ ಕೇಳಿದ್ದು. ಅವರು ಒಂದು ವಿಷಯವನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಗಾಬರಿಯಾದಾಗ ತಲೆ ಓಡುವುದಿಲ್ಲ, ಕೈ ಓಡುತ್ತದೆ, ಕೈ ತನಗೆ ಹಳೆಯದಾಗಿ ಗೊತ್ತಿರುವ ದಾರಿಯಲ್ಲೇ ಓಡುತ್ತದೆ, ಆದ್ದರಿಂದ ಕೈಗೆ ಕಲಿಸಿ ಎಂದು. ಕೈಗೆ ಕಲಿಸಲು ನನಗೆ ಬಿಡುವೆಲ್ಲಿ? ಮನೆಗೆ ಬಂದು ಅನ್ನಕ್ಕಿಟ್ಟು, ಕುಕ್ಕರ್ ಕೂಗುವವರೆಗೆ ಸ್ವಾತಿಯ ಕೈಗೆ ತ್ರಿಕೋನದ ಬಟ್ಟೆ ಕಟ್ಟಿ ಕುತ್ತಿಗೆಗೆ ಜೋಲಿ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಬಿಚ್ಚಲು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ಅವಳು ಜೋಲಿಯನ್ನೇ ಹಾಕಿಕೊಂಡು ಶಾಲೆಗೆ ಹೋಗಿ, ಕೈ ಮುರಿದಿದೆ ಎಂದು ಹೇಳಿ ಟೀಚರಿಂದ ಚಾಕೊಲೇಟ್ ಗಿಟ್ಟಿಸಿಕೊಂಡು ಬಂದಳು.

ಎರಡನೆಯ ವಾರದ ಬುಧವಾರ ಎಳೆ ಮಕ್ಕಳ ಗಂಟಲಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬ ಪಾಠ. ಅಂದು ನಾನು ಶಾಂತವ್ವನಲ್ಲಿಗೆ ತಲುಪಿದಾಗ ಏಳೂ ಇಪ್ಪತ್ತು. ಮುಖ ಗಂಟುಹಾಕಿಕೊಂಡು ಹಿಟ್ಟು ನಾದುತ್ತಿದ್ದಳು. ಅವಳ ಸಿಟ್ಟು ಇಳಿಸಲು ನನಗೆ ಬೇರೆ ಉಪಾಯ ತೋಚದೆ, ಇವತ್ತು ನಿನ್ನ ಕೆಲಸಕ್ಕೆ ಬರುವಂಥದ್ದನ್ನೇ ಕಲಿಸಿದರು ಎಂದು ಸ್ವಾತಿಯ ಪ್ಲಾಸ್ಟಿಕ್ ಗೊಂಬೆಯನ್ನು ಎತ್ತಿಕೊಂಡೆ. ಕೂಸಿಗೆ ನೆತ್ತಿ ಹತ್ತಿದರೆ ನೀನು ಏನು ಮಾಡುತ್ತಿ ಎಂದು ಕೇಳಿದೆ. ಇದೇನು ಕೇಳುವ ಮಾತು ಎನ್ನುವ ಹಾಗೆ ನೋಡಿ, ನೆತ್ತಿಗೆ ಬಡಿದು ಊದುತ್ತೇನೆ, ನೀರು ಕುಡಿಸುತ್ತೇನೆ, ಯಾರೋ ನೆನೆಸಿದರು ಎನ್ನುತ್ತೇನೆ ಎಂದಳು. ನಮ್ಮ ಊರಲ್ಲೂ ಹಾಗೆಯೇ, ನಮ್ಮ ಅಜ್ಜಿ ತಾಯಿ ಎಲ್ಲರೂ ಮಾಡಿದ್ದು ಅದನ್ನೇ.

ಅದು ತಪ್ಪು ಎಂದು ನಾನು ಸರ್ ಅವರ ಗತ್ತಿನಲ್ಲೇ ಹೇಳಿದೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಆಗದೆ, ಅಳಲೂ ಆಗದೆ ದನಿ ನಿಂತುಹೋದರೆ ಮಾತ್ರ ಕೂಸನ್ನು ಮುಂಗೈಯ ಮೇಲೆ ಬೋರಲು ಹಾಕಿಕೊಂಡು, ತಲೆ ಎದೆಗಿಂತ ಕೆಳಗೆ ಬರುವಂತೆ ಹಿಡಿದು, ದವಡೆಗೆ ಬೆರಳ ಆಸರೆ ಕೊಟ್ಟು, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಏಟು. ನೀರು ಕೂಡದು, ಕಾಣದ್ದಕ್ಕೆ ಬಾಯೊಳಗೆ ಬೆರಳು ಹಾಕಕೂಡದು. ಗೊಂಬೆಯ ಮೇಲೆ ಮಾಡಿ ತೋರಿಸಿದೆ. ಶಾಂತವ್ವ ಹಿಟ್ಟಿನ ಕೈಯಲ್ಲೇ ಗೊಂಬೆಯನ್ನು ಇಸಿದುಕೊಂಡಳು. ಮೊದಲು ರೊಟ್ಟಿ ಬಡಿಯುವ ಹಾಗೆ ಬೆರಳು ಚಾಚಿ ಪಟಪಟ ಬಡಿದಳು. ಹಾಗಲ್ಲ, ಅಂಗೈಯ ಬುಡ ಎಂದೆ. ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು.

“ಅಂದ್ರ ಇದು ಬಡಿಯೂ ಕೈ ಅಲ್ರಿ ಅಕ್ಕಾರ. ನಾದೂ ಕೈ.”

ಸರಿಯಾಗಿ ಹೇಳಿದಳು. ರೊಟ್ಟಿ ಬಡಿಯುವುದು ಬೆರಳು, ಹಿಟ್ಟು ನಾದುವುದು ಅಂಗೈಯ ಬುಡ. ನಮ್ಮ ಸರ್ ಒಂದು ಗಂಟೆ ವಿವರಿಸಿದ್ದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಐದು ಸಲ ಎಣಿಸಿ ಏಟು ಹಾಕಿದಾಗ ಗೊಂಬೆಯ ಬೆನ್ನ ಮೇಲೆ ಜೋಳದ ಹಿಟ್ಟಿನ ಬಿಳಿ ಗುರುತು ಮೂಡಿತು. ಸ್ವಾತಿ ನಕ್ಕಳು, ಶಾಂತವ್ವನೂ ನಕ್ಕಳು. ಅವಳ ಸಿಟ್ಟು ಇಳಿಯಿತಲ್ಲ ಎಂಬಷ್ಟೇ ನನ್ನ ಸಮಾಧಾನ. ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ.

ಶುಕ್ರವಾರ ಬಂತು. ಶ್ರಾವಣದ ಶುಕ್ರವಾರ ಬಿಡುವ ಹಾಗಿಲ್ಲ, ನಸುಕಿನಲ್ಲೇ ಎದ್ದು ಅಮ್ಮನವರ ಫೋಟೋಕ್ಕೆ ದಾಸವಾಳ ಇಟ್ಟು, ಕಾಯಿ ಒಡೆದು ಮಂಗಳಾರತಿ ಮಾಡಿದೆ. ಪರೀಕ್ಷೆ ಮಧ್ಯಾಹ್ನ ಎರಡಕ್ಕಿತ್ತು, ಮೂರಕ್ಕೆಲ್ಲ ಮುಗಿಯುವುದಿತ್ತು. ಎರಡು ವಾರದಲ್ಲಿ ಮೊದಲ ಸಲ ನಾಲ್ಕೂವರೆಗೆಲ್ಲ ಮಕ್ಕಳ ಹತ್ತಿರ ಇರುತ್ತೇನೆ ಎಂಬ ಆಸೆ. ನೈವೇದ್ಯದ ಕಾಯಿಯನ್ನು ತುಂಡು ಮಾಡಿ ಒಂದು ಡಬ್ಬಿಯಲ್ಲಿ ಹಾಕಿ ಸ್ವಾತಿಯ ಚೀಲದಲ್ಲಿಟ್ಟೆ. ಶಾಂತವ್ವನಿಗೂ ಅಲ್ಲಿರುವ ಎಲ್ಲ ಮಕ್ಕಳಿಗೂ ಕೊಡು, ಪ್ರಸಾದ ಯಾರೊಬ್ಬರಿಗೂ ತಪ್ಪಬಾರದು, ಒಂದು ಚೂರೂ ನೆಲಕ್ಕೆ ಬೀಳಬಾರದು ಎಂದು ಅವಳಿಗೆ ಎರಡೆರಡು ಸಲ ಹೇಳಿದೆ. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಲ್ಲ. ಚೇತುವಿನ ಪಾಲಿನ ತುಂಡನ್ನು ನಾನು ಅವನ ತುಟಿಗೆ ಮುಟ್ಟಿಸಿ ನನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ತಮ್ಮನಿಗೆ ಕೊಡಬೇಡ ಎಂದು ಸ್ವಾತಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆಗೆ ಹೊರಗಿನಿಂದ ಒಬ್ಬರು ಡಾಕ್ಟರು ಬಂದಿದ್ದರು. ಒಬ್ಬೊಬ್ಬರನ್ನೇ ಕರೆದು ಬ್ಯಾಂಡೇಜ್ ಕಟ್ಟಿಸಿದರು, ಪ್ರಶ್ನೆ ಕೇಳಿದರು. ನನ್ನ ಸರದಿಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಮೇಜಿನ ಕೆಳಗಿಂದ ರಬ್ಬರಿನ ಮಗುವನ್ನು ತೆಗೆದು ಫಕ್ಕನೆ ನನ್ನ ಕೈಗೆ ಹಾಕಿ, ಶೇಂಗಾ ಸಿಕ್ಕಿಕೊಂಡಿದೆ, ಮುಖ ನೀಲಿಯಾಗುತ್ತಿದೆ, ಬೇಗ ಎಂದರು.

ನನ್ನ ಕೈ ಹೋದದ್ದು ಎಲ್ಲಿಗೆ ಗೊತ್ತೇ? ನೆತ್ತಿಗೆ. ರಬ್ಬರಿನ ತಲೆಗೆ ಪಟ್ ಪಟ್ ಎಂದು ಬಡಿದೆ, ಫೂ ಎಂದು ಊದಿದೆ, ಅಷ್ಟು ಸಾಲದೆಂಬಂತೆ ಬಾಯಿ ತಾನಾಗಿಯೇ “ಯಾರು ನೆನೆಸಿದ್ರು ಮಗಾ” ಎಂದಿತು. ಜೊತೆಗೆ ಕಲಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸರ್ ನಗಲಿಲ್ಲ, ತಲೆ ತಗ್ಗಿಸಿದರು. ತಕ್ಷಣ ಎಚ್ಚೆತ್ತು ಗೊಂಬೆಯನ್ನು ಬೋರಲು ಹಾಕಿ ಐದು ಏಟು ಸರಿಯಾಗಿಯೇ ಹಾಕಿದೆ. ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ನಾವು ನೋಡುವುದು, ಮುಂದಿನ ಬ್ಯಾಚಿನಲ್ಲಿ ಮತ್ತೆ ಬನ್ನಿ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

ಮುಂದಿನ ಬ್ಯಾಚ್ ಎಂದರೆ ಮತ್ತೆ ಎರಡು ವಾರ ಏಳೂ ಇಪ್ಪತ್ತು. ಪರೀಕ್ಷೆಯವರೆಗೆ ಮಾತ್ರ ಎಂದು ಶಾಂತವ್ವ ಹೇಳಿಯಾಗಿತ್ತು. ನಾನು ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ಬೆಳಗಿನಿಂದ ಸುರಿಯುತ್ತಿದ್ದ ಮಳೆ ಅಷ್ಟರಲ್ಲಿ ಜೋರಾಗಿತ್ತು. ಮೂರೂವರೆಯ ಸುಮಾರಿಗೆ ಲೋಕಲ್ ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಮುಂಬ್ರಾ ದಾಟಿ ದಿವಾ ಮುಟ್ಟುವ ಮೊದಲು ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ನೀರು ಬಂದಿದೆಯಂತೆ ಎಂದು ಬಾಗಿಲಲ್ಲಿದ್ದವರು ಹೇಳಿದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಹೆಂಗಸರ ಡಬ್ಬಿಯಲ್ಲಿ ಯಾರೋ ಬೆಳ್ಳುಳ್ಳಿ ಸುಲಿಯಲು ಕೂತರು, ಯಾರೋ ಮಲಗಿಬಿಟ್ಟರು. ನಾನು ಕಿಟಕಿಯ ಸರಳು ಹಿಡಿದುಕೊಂಡು ಅಮ್ಮನವರ ಹೆಸರು ಹೇಳತೊಡಗಿದೆ. ಅಮ್ಮಾ, ಒಂದೇ ಒಂದು ದಿನ ನನ್ನನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸು, ಬೇರೆ ಏನೂ ಬೇಡ. ಪರೀಕ್ಷೆ ಹೋದದ್ದು ಹೋಗಲಿ, ಆರರೊಳಗೆ ಮಕ್ಕಳ ಹತ್ತಿರ ಮುಟ್ಟಿಸು, ಶಾಂತವ್ವನ ಮುಂದೆ ಇವತ್ತಾದರೂ ನನ್ನ ಮುಖ ಉಳಿಸು.

ಗಾಡಿ ಅಲುಗಲಿಲ್ಲ. ಐದೂವರೆ ಆಗುವಾಗ ನನ್ನ ಪ್ರಾರ್ಥನೆ ಬೈಗುಳವಾಗಿತ್ತು. ಸುಳ್ಳು ಹೇಳಿ ಏನು, ಬೈದೆ. ಎರಡು ವಾರದಿಂದ ಕೇಳಿದ್ದರಲ್ಲಿ ಒಂದನ್ನಾದರೂ ಕೊಟ್ಟಿದ್ದೀಯಾ, ನಸುಕಿನಲ್ಲಿ ಎದ್ದು ಕಾಯಿ ಒಡೆದದ್ದು ಯಾರಿಗೆ, ನಿನಗೆ ಮಕ್ಕಳಿಲ್ಲವಾ ಎಂದೆಲ್ಲ ಮನಸ್ಸಿನಲ್ಲೇ ಹೇಳಿದೆ. ಆರು ಗಂಟೆಯಾದದ್ದನ್ನು ಪಕ್ಕದವಳ ಗಡಿಯಾರದಲ್ಲಿ ನೋಡಿದ ಮೇಲೆ ಸುಮ್ಮನಾದೆ. ಇನ್ನು ಮೇಲೆ ಏನೂ ಕೇಳುವುದಿಲ್ಲ ಎಂದು ಹೇಳಿ ಕಣ್ಣು ಮುಚ್ಚಿದೆ. ನನ್ನ ಜೀವನದಲ್ಲಿ ಅಮ್ಮನವರಿಗೆ ನಾನು ಬೆನ್ನು ತಿರುಗಿಸಿದ್ದು ಅದೊಂದೇ ಸಲ.

ಗಾಡಿ ಹೊರಟಾಗ ಆರೂವರೆ. ತೆವಳುತ್ತಾ ಡೊಂಬಿವಲಿ ಸೇರುವಾಗ ಏಳು ದಾಟಿತ್ತು. ಮೊಣಕಾಲುದ್ದದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಚಾಳಿಗೆ ಬಂದೆ. ಶಾಂತವ್ವನ ಖೋಲಿಗೆ ಬೀಗ.

ಬೀಗ ಹಾಕುವ ಹೆಂಗಸಲ್ಲ ಅವಳು. ಆ ಹೊತ್ತಿಗೆ ಅಲ್ಲಿ ಸ್ಟೋವಿನ ಸದ್ದು ಇರಬೇಕಿತ್ತು, ರೊಟ್ಟಿಯ ವಾಸನೆ ಇರಬೇಕಿತ್ತು. ನಾನು ಬೀಗವನ್ನೇ ಹಿಡಿದು ಅಲುಗಿಸುತ್ತಾ ನಿಂತಿದ್ದಾಗ ಪಕ್ಕದ ಖೋಲಿಯ ಮರಾಠಿ ಹೆಂಗಸು ಹೊರಗೆ ಬಂದಳು. ನಿಮ್ಮ ಸಣ್ಣ ಮಗುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು, ಉಸಿರೇ ಇರಲಿಲ್ಲ, ಶಾಂತಾಬಾಯಿ ಎತ್ತಿಕೊಂಡು ದವಾಖಾನೆಗೆ ಓಡಿದಳು ಎಂದಳು. ಆಮೇಲೆ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ.

ಚಾಳಿನಿಂದ ದವಾಖಾನೆಗೆ ಐದು ನಿಮಿಷದ ದಾರಿ. ಆ ದಾರಿಯಲ್ಲಿ ನಾನು ಏನು ಯೋಚಿಸಿದೆ ಎಂದು ಕೇಳಬೇಡಿ. ಇನ್ನು ಮೇಲೆ ಏನೂ ಕೇಳುವುದಿಲ್ಲ ಎಂದು ಹೇಳಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಅಮ್ಮಾ ಎಂಬ ಒಂದು ಶಬ್ದ ಬಿಟ್ಟು ಬೇರೆ ಏನೂ ಬಾಯಿಗೆ ಬರಲಿಲ್ಲ. ಚಪ್ಪಲಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ದವಾಖಾನೆ ಮೊದಲ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ನೋಡಿದರೆ, ಬಾಗಿಲ ಎದುರಿನ ಬೆಂಚಿನಲ್ಲಿ ಶಾಂತವ್ವ ಕೂತಿದ್ದಾಳೆ. ಅವಳ ಮಡಿಲಿನಲ್ಲಿ ಚೇತು. ಕಣ್ಣು ಮುಚ್ಚಿದೆ. ನಾನು ಕೊನೆಯ ಮೆಟ್ಟಿಲಲ್ಲೇ ನಿಂತೆ. ಆಗ ಅವನು ನಿದ್ದೆಯಲ್ಲೇ ಬಾಯಿ ಚಪ್ಪರಿಸಿದ. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ.

ಸ್ವಾತಿ ಓಡಿ ಬಂದು ನನ್ನ ಕುತ್ತಿಗೆ ಹಿಡಿದುಕೊಂಡಳು. “ಮಮ್ಮಿ, ಮೈಂನೇ ಹೀ ಉಸ್‌ಕೋ ಪ್ರಸಾದ್ ದಿಯಾ,” ಎಂದು ಬಿಕ್ಕಿದಳು. ತಾನೇ ತಮ್ಮನಿಗೆ ಪ್ರಸಾದ ಕೊಟ್ಟೆ ಎಂದು. ಯಾರಿಗೂ ತಪ್ಪಬಾರದು ಎಂದು ನೀನೇ ಹೇಳಿದೆಯಲ್ಲ ಎಂದು ಅವಳು ಹೇಳಲಿಲ್ಲ.

ನಡೆದದ್ದನ್ನು ಶಾಂತವ್ವ ನಿಧಾನವಾಗಿ ಹೇಳಿದಳು. ಮಳೆಯೆಂದು ಡಬ್ಬಾ ಒಯ್ಯುವವರು ಬೇಗ ಬರುತ್ತೇವೆ ಎಂದಿದ್ದರು. ಹಾಗಾಗಿ ಅವಳು ನಾಲ್ಕೂ ಮುಕ್ಕಾಲಿಗೇ, ಒಲೆ ಹೊತ್ತಿಸುವ ಮೊದಲು, ಪರಾತ ಎಂಬ ದೊಡ್ಡ ತಟ್ಟೆಯಲ್ಲಿ ಹಿಟ್ಟು ನಾದಲು ಕೂತಿದ್ದಳು. ಬೆನ್ನ ಹಿಂದೆ ಸ್ವಾತಿ ಡಬ್ಬಿ ತೆರೆದು ಮಕ್ಕಳಿಗೆಲ್ಲ ಕಾಯಿಯ ತುಂಡು ಹಂಚುತ್ತಿದ್ದಳು, ಕೊನೆಯ ತುಂಡು ಚೇತುವಿನ ಬಾಯಿಗೆ. ಅವನು ಒಂದೆರಡು ಸಲ ಕೆಮ್ಮಿದ. ಆಮೇಲಿನದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಕೂಸಿನ ದನೀನ ನಿಂತು ಬಿಟ್ಟಿತ್ರಿ ಅಕ್ಕಾರ. ಹೊಳ್ಳಿ ನೋಡಿದ್ರ ತುಟಿ ನೀಲಿ. ನನ್ನ ಕೈ ಹಿಟ್ಟಿನ್ಯಾಗ ಇತ್ತು. ಹಂಗ ಎತ್ತಿ ಬೋರಲ ಹಾಕ್ಕೊಂಡು ನಾದೂ ಕೈಲೆ ಹಾಕಿದೆ. ಒಂದು, ಎರಡು, ಮೂರು. ನಾಕಕ್ಕ ಟಣ್ ಅಂತ ಪರಾತದಾಗ ಬಿತ್ತು, ಕೂಸು ಚೀರಿತು.”

ಆಮೇಲೆ ಡಾಕ್ಟರಿಗೆ ಕೇಳಿಸದ ಹಾಗೆ ನನ್ನ ಕಡೆ ಬಾಗಿದಳು.

“ನೀವು ಐದು ಅಂದಿದ್ರಿ. ನಾಕಕ್ಕ ಬಿತ್ರಿ. ಇನ್ನೊಂದು ಉಳದೈತಿ, ಅದನ್ನೂ ಹಾಕಬೇಕಿತ್ತೇನ್ರಿ? ಆವಾಗಿಂದ ಅದ ಚಿಂತಿ ಹತ್ತೈತಿ ನನಗ.”

ಆಗ ಬಂತು ನೋಡಿ ಅಳು. ಎರಡು ವಾರದ್ದೆಲ್ಲ ಒಟ್ಟಿಗೆ ಬಂತು. ಬೇಡ ಶಾಂತವ್ವ, ಸಾಕು ಎಂದೆ. ತಲೆ ಅಲ್ಲಾಡಿಸಿ ಅವಳ ಮಡಿಲಿನಲ್ಲಿ ಮಗುವಿನ ಪಕ್ಕ ತಲೆ ಇಟ್ಟೆ. ಚೇತುವಿನ ನೀಲಿ ಅಂಗಿಯ ಬೆನ್ನ ಮೇಲೆ, ಸರಿಯಾಗಿ ಎರಡು ರೆಕ್ಕೆಮೂಳೆಗಳ ನಡುವೆ, ಜೋಳದ ಹಿಟ್ಟು ಒಣಗಿ ಹಿಡಿದುಕೊಂಡಿತ್ತು.

ಮಳೆಯಿಂದಾಗಿ ತಡವಾಗಿ ಆಗಷ್ಟೇ ಬಂದಿದ್ದ ಡಾಕ್ಟರು ಎದೆ ಬೆನ್ನು ಎಲ್ಲ ಪರೀಕ್ಷಿಸಿ, ಗಂಟಲು ಸ್ವಲ್ಪ ತರಚಿದೆ, ಬೇರೆ ಏನೂ ತೊಂದರೆ ಇಲ್ಲ ಎಂದರು. ಹಲ್ಲು ಸರಿಯಾಗಿ ಬಾರದ ಮಗುವಿಗೆ ಕಾಯಿಯ ತುಂಡು ಕೊಟ್ಟದ್ದಕ್ಕೆ ನನಗೆ ಚೆನ್ನಾಗಿಯೇ ಬೈದರು. ಆಮೇಲೆ ಶಾಂತವ್ವನ ಕಡೆ ನೋಡಿ, ಈ ಹೆಂಗಸು ಎಲ್ಲಿ ನರ್ಸಿಂಗ್ ಕಲಿತಳು ಎಂದು ಕೇಳಿದರು. ಶಾಂತವ್ವ ನನ್ನ ಕಡೆ ಕೈ ತೋರಿಸಿ, ಇವರು ಕಲಿಸಿದ್ದು ಎಂದಳು. ಅದೇ ಮಧ್ಯಾಹ್ನ ನಪಾಸಾಗಿ ಬಂದವಳು ನಾನು.

ಮನೆಗೆ ಬಂದು ಮಕ್ಕಳನ್ನು ಮಲಗಿಸಿ ಅಮ್ಮನವರ ಮುಂದೆ ಕೂತಾಗ, ನನಗೆ ಒಂದೊಂದೇ ಲೆಕ್ಕ ಸಿಗತೊಡಗಿತು. ರೈಲು ನಿಲ್ಲದೆ ಹೋಗಿದ್ದರೆ ನಾನು ನಾಲ್ಕೂವರೆಗೆ ಶಾಂತವ್ವನಲ್ಲಿಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಿರುತ್ತಿದ್ದೆ. ಪ್ರಸಾದದ ಡಬ್ಬಿಯನ್ನು ಸ್ವಾತಿ ನಮ್ಮ ಮನೆಯಲ್ಲೇ ತೆರೆಯುತ್ತಿದ್ದಳು, ನಾನು ಒಳಗೆ ಚಹಾಕ್ಕಿಟ್ಟಿರುತ್ತಿದ್ದೆ. ಆಗ ಚೇತುವಿನ ದನಿ ನಿಂತಿದ್ದರೆ ಓಡಿ ಬರುತ್ತಿದ್ದದ್ದು ನನ್ನ ಕೈ. ನನ್ನ ಕೈ ಎಲ್ಲಿಗೆ ಹೋಗುತ್ತದೆ ಎಂದು ಅಮ್ಮನವರು ಅದೇ ಮಧ್ಯಾಹ್ನ, ಇಪ್ಪತ್ತು ಜನರ ಎದುರು, ರಬ್ಬರಿನ ಗೊಂಬೆಯ ಮೇಲೆ ನನಗೆ ತೋರಿಸಿಕೊಟ್ಟಿದ್ದರು. ನೆತ್ತಿಗೆ ಬಡಿಯುತ್ತಿದ್ದೆ. ಊದುತ್ತಿದ್ದೆ. ತೀರ್ಥ ಕುಡಿಸುತ್ತಿದ್ದೆ. ಯಾರು ನೆನೆಸಿದರು ಎಂದು ಕೇಳುತ್ತಿದ್ದೆ. ಆ ಒಂದು ನಿಮಿಷ ಹಾಗೆಯೇ ಹೋಗಿಬಿಡುತ್ತಿತ್ತು. ಶಾಂತವ್ವನ ಕೈ ಮಾತ್ರ ಆ ಹೊತ್ತಿಗೆ ಹಿಟ್ಟಿನೊಳಗೆ, ಬೇಕಾದ ಹಾಗೆಯೇ ಇತ್ತು.

ಸೋಮವಾರ ಬಂದ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ಮಗನನ್ನು ಬಹಳ ಹೊತ್ತು ಎದೆಗೆ ಒತ್ತಿಕೊಂಡಿದ್ದು, ಆಮೇಲೆ ನಮ್ಮ ಚೇತುವಿಗಾಗಿ ಅಮ್ಮನವರು ಅಷ್ಟು ಸಾವಿರ ಜನರನ್ನು ಮಳೆಯಲ್ಲಿ ನಿಲ್ಲಿಸಿದರಾ ಎಂದು ಕೇಳಿದರು. ನೀವೂ ಕೇಳಬಹುದು. ಅಷ್ಟು ದೊಡ್ಡ ಮಾತು ನನಗೆ ಗೊತ್ತಿಲ್ಲ. ಮಳೆ ಮಳೆಯ ಪಾಡಿಗೆ ಬಂದಿರಬಹುದು, ರೈಲು ರೈಲಿನ ಪಾಡಿಗೆ ನಿಂತಿರಬಹುದು. ನನಗೆ ಗೊತ್ತಿರುವುದು ನನ್ನ ಕೈಯೊಂದೇ. ಕೋರ್ಸ್ ನಿಲ್ಲಿಸು ಎಂದು ಕೇಳಿದ್ದೆ, ನಿಲ್ಲಿಸಲಿಲ್ಲ. ನನ್ನನ್ನು ಬೇಗ ಮುಟ್ಟಿಸು ಎಂದು ಕೇಳಿದ್ದೆ, ಮುಟ್ಟಿಸಲಿಲ್ಲ. ಕೇಳಿದ್ದರಲ್ಲಿ ಒಂದನ್ನು ಕೊಟ್ಟಿದ್ದರೂ ನನ್ನ ಮಗ ಇವತ್ತು ಇರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಬೇರೆ ಕಡೆ ನೋಡಿಕೊಳ್ಳಿ ಎಂಬ ಮಾತನ್ನು ಶಾಂತವ್ವ ಮತ್ತೆ ಎತ್ತಲಿಲ್ಲ. ಯಜಮಾನರು ಒಂದು ಸೋಮವಾರ ನಿದ್ದೆ ಬಿಟ್ಟು ಅವಳ ಖೋಲಿಯ ನಡುವೆ ಹಲಗೆಯ ಅಡ್ಡಗೋಡೆಯೊಂದನ್ನು ಬಡಿದುಕೊಟ್ಟರು, ಆಚೆ ಒಲೆ, ಈಚೆ ಮಕ್ಕಳು. ನಾನು ಮುಂದಿನ ಬ್ಯಾಚಿಗೆ ಹೋದೆ, ಈ ಸಲ ನಿದ್ದೆಗಣ್ಣಿನಲ್ಲಿ ಕೂರಲಿಲ್ಲ. ಆ ಎರಡು ವಾರ ದಿನಾ ಸಂಜೆ ಶಾಂತವ್ವನ ಹಿಟ್ಟನ್ನು ನಾನೇ ನಾದಿಕೊಟ್ಟೆ. ಪರೀಕ್ಷೆಯಲ್ಲಿ ಅದೇ ರಬ್ಬರಿನ ಮಗು ಕೈಗೆ ಬಂದಾಗ ನನ್ನ ಕೈ ನೆತ್ತಿಯ ಕಡೆ ಹೋಗಲಿಲ್ಲ. ಪಾಸಾದೆ, ಎಂಟು ತಿಂಗಳ ನಂತರ ಖಾಯಂ ಆದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ, ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಅಲ್ಲಿಯವರೆಗೆ ಶುಕ್ರವಾರದ ಪ್ರಸಾದವನ್ನು ನಾನು ಶಾಂತವ್ವನಿಗೆ ಹೊಸ್ತಿಲ ಹೊರಗೆ ನಿಂತು, ಮೇಲಿನಿಂದ ಅವಳ ಅಂಗೈಗೆ ಹಾಕುತ್ತಿದ್ದೆ, ಕೈ ತಾಗದ ಹಾಗೆ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ನೆತ್ತಿಗೆ ಬಡಿಯುವುದು ಹೇಗೆ ಬಂದಿತ್ತೋ ಅದೂ ಹಾಗೆಯೇ ನನ್ನ ಕೈಗೆ ಬಂದಿತ್ತು. ಅಮ್ಮನವರು ನನ್ನ ಮಗನನ್ನು ಕಾಯಲು ಬಂದದ್ದು ನಾನು ತಾಗದ ಹಾಗೆ ನೋಡಿಕೊಂಡಿದ್ದ ಅವಳ ಆ ಕೈಯಲ್ಲೇ. ಈಗ ನಮ್ಮ ಭಜನೆಯಲ್ಲಿ ಇಳಕಲ್ ಸೀರೆಯುಟ್ಟು, ತಾಳ ಹಾಕುತ್ತಾ, ಮುಂದಿನ ಸಾಲಿನಲ್ಲಿ ಕೂರುವ ಹೆಂಗಸು ಯಾರೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅವಳೇ ಶಾಂತವ್ವ. ಅವಳು ಪ್ರಸಾದ ಕೊಟ್ಟ ಮೇಲೆಯೇ ನಾನು ತೆಗೆದುಕೊಳ್ಳುವುದು.

ನನ್ನ ಆಯಾಸವೇನೂ ಕಡಿಮೆಯಾಗಿಲ್ಲ. ಇವತ್ತೂ ನಾಲ್ಕೂವರೆಗೆ ಎದ್ದಿದ್ದೇನೆ, ಇದನ್ನು ಬರೆಯುವಾಗಲೂ ಚೇತು ನನ್ನ ಬೆನ್ನು ಹತ್ತುತ್ತಿದ್ದಾನೆ, ಬರುವ ಶುಕ್ರವಾರವೂ ನಾನು ಗೋಡೆಗೆ ಒರಗಿ ತೂಕಡಿಸುವವಳೇ. ಆದರೆ ಎಲ್ಲವನ್ನೂ ನಾನೊಬ್ಬಳೇ ಹೊತ್ತಿದ್ದೇನೆ ಎಂದು ಸಿಟ್ಟು ಬಂದು ಉಸಿರು ಕಟ್ಟಿದಂತಾಗುವಾಗಲೆಲ್ಲ ಶಾಂತವ್ವನ ಪ್ರಶ್ನೆ ನೆನಪಾಗುತ್ತದೆ. ನಾಲ್ಕು ಏಟು ನನ್ನ ಮಗನ ಬೆನ್ನಿಗೆ ಬಿದ್ದು ಅವನನ್ನು ಉಳಿಸಿದವು. ಉಳಿದುಹೋದ ಐದನೆಯದನ್ನು ಅಮ್ಮನವರು ನನಗೆಂದೇ ಇಟ್ಟುಕೊಂಡಿದ್ದಾರೆ. ಬೇಕಾದಾಗ ಹಾಕುತ್ತಾರೆ, ನನಗೆ ಉಸಿರು ಬರುತ್ತದೆ.